ಚಾಚವ್ವ ಎಲೆ ಮುಚ್ಚಿಕೊಂಡದ್ದು

ಬೆಟ್ಟಗಳಿಗೆ ಇನ್ನೂ ಹೆಸರಿಟ್ಟಿರಲಿಲ್ಲ. ಯಾವ ಕಡೆ ಹರಿಯಬೇಕೆಂದು ನದಿಗಳು ಒಂದನ್ನೊಂದು ಕೇಳಿಕೊಂಡು ಹರಿಯುತ್ತಿದ್ದವು. ಅಷ್ಟು ಹಳೆಯ ಕಾಲ, ಅಷ್ಟು ಹೊಸ ಭೂಮಿ.

ಆಗ ಕೆರೆಗೆ ಹೋಗುವ ದಾರಿಯ ಪಕ್ಕದಲ್ಲಿ ಒಂದು ಕುಳ್ಳ ಗಿಡವಿತ್ತು. ಸಣ್ಣ ಸಣ್ಣ ಎಲೆ, ಗುಲಾಬಿ ಬಣ್ಣದ ಉಂಡೆ ಹೂವು. ಮುಳ್ಳು ಒಂದೂ ಇಲ್ಲ. ಯಾರು ಬಂದರೂ ಎಲೆ ಚಾಚಿ ಮಾತನಾಡಿಸುವಳು. ಅದಕ್ಕೇ ಎಲ್ಲರೂ ಅವಳನ್ನು ಚಾಚವ್ವ ಎನ್ನುತ್ತಿದ್ದರು. ಗಾಳಿ ಮುಟ್ಟಿದರೂ ಅವಳು ಎಲೆ ಮುಚ್ಚುತ್ತಿರಲಿಲ್ಲ, ಮಳೆ ಬಡಿದರೂ ಮುಚ್ಚುತ್ತಿರಲಿಲ್ಲ.

ದಾರಿ ಕಿರಿದು, ಓಡಾಡುವವರು ಬಹಳ. ಕಾಲು ತಗಲದೆ ಇರುತ್ತದೆಯೇ? ತಗಲುತ್ತಿತ್ತು. ಆದರೆ ಆಗೊಂದು ಪದ್ಧತಿಯಿತ್ತು. ಕಾಲು ತಗಲಿಸಿದವರು ನಿಲ್ಲಬೇಕು, ಬಗ್ಗಬೇಕು, ನೋವಾದ ಜಾಗವನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕು. ಆನೆ ಸೊಂಡಿಲಿನಿಂದ ಮುಟ್ಟಿ ಒತ್ತಿಕೊಳ್ಳುತ್ತಿತ್ತು, ಮೊಲ ಮುಂಗಾಲಿನಿಂದ. ಕೋಣಪ್ಪನಂತೂ ಮಂಡಿಯೂರಿ ತನ್ನ ದೊಡ್ಡ ಕಣ್ಣನ್ನೇ ತಂದು ಎಲೆಗೆ ಒತ್ತುತ್ತಿದ್ದ. ಬಾಯಲ್ಲಿ ಯಾರೂ ಏನೂ ಹೇಳುತ್ತಿರಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ.

ಒಂದು ವರ್ಷ ಚಾಚವ್ವ ಉದುರಿಸಿದ ಬೀಜಗಳಲ್ಲಿ ಒಂದೇ ಒಂದು ಮೊಳೆಯಿತು. ಅದೂ ಎಲ್ಲಿ? ದಾರಿಯ ನಟ್ಟನಡುವೆ! ಎರಡೇ ಎರಡು ಎಲೆಯ ಮಗಳು. ಹೆಸರು ಪುಟ್ಟಿ.

"ಅವ್ವಾ, ಅಷ್ಟು ದೊಡ್ಡ ಕಾಲುಗಳು ಬರ್ತವಲ್ಲಾ, ನನಗೆ ಭಯ" ಎಂದಳು ಪುಟ್ಟಿ.

"ನಾನಿಲ್ವೇನೇ? ಸುಮ್ಮನಿರು" ಎಂದಳು ಚಾಚವ್ವ.

ಗಿಡಕ್ಕೆ ಎದ್ದು ಹೋಗಿ ಮಗುವನ್ನು ಎತ್ತಿಕೊಳ್ಳಲು ಬರುವುದಿಲ್ಲ. ಅವಳು ಇನ್ನೊಂದು ಉಪಾಯ ಮಾಡಿದಳು. ತನ್ನದೊಂದು ಕೊಂಬೆಯನ್ನು ಪುಟ್ಟಿಗಿಂತ ಒಂದು ಹೆಜ್ಜೆ ಹಿಂದೆ, ದಾರಿಗೆ ಅಡ್ಡವಾಗಿ ಚಾಚಿದಳು. ಬಂದವರು ಮೊದಲು ತಾಯಿಯನ್ನು ತುಳಿಯುತ್ತಿದ್ದರು. ತುಳಿದ ಮೇಲೆ ಬಗ್ಗುತ್ತಿದ್ದರು. ಬಗ್ಗಿದಾಗ ಮುಂದೆ ಪುಟ್ಟಿ ಕಾಣುತ್ತಿದ್ದಳು. "ಅಯ್ಯೋ, ಇಲ್ಲೊಂದು ಕೂಸು!" ಎಂದು ಬಳಸಿಕೊಂಡು ಹೋಗುತ್ತಿದ್ದರು. ಚಾಚವ್ವನ ಕೊಂಬೆ ದಿನವೂ ಜಜ್ಜಿಹೋಗುತ್ತಿತ್ತು. ಮಗಳು ಬದುಕಿದ್ದಳು, ಅವಳಿಗೆ ಅಷ್ಟು ಸಾಕಿತ್ತು.

ಹೀಗಿರುವಾಗ ಕಡಲು ದಾಟಿ ಪಡುವಣ ಗಾಳಿ ಬಂತು. ಬರುವಾಗ ಒಂದು ಮಾತನ್ನು ಹೊತ್ತು ತಂದಿತ್ತು. ಸಾರಿ ಎಂಬ ಇಂಗ್ಲಿಷ್ ಮಾತು. ಅಷ್ಟು ಹಿಂದೆ ಇಂಗ್ಲಿಷ್ ಎಲ್ಲಿತ್ತು ಎಂದು ನನ್ನನ್ನು ಕೇಳಬೇಡಿ. ಈ ಕತೆಯಲ್ಲಿ ಇತ್ತು.

"ಇದೇನಪ್ಪಾ ಇದು, ತಿನ್ನೋದಾ?" ಎಂದು ಕೋಣಪ್ಪ ಮೂಸಿ ನೋಡಿದ.

"ತಿನ್ನೋದಲ್ಲ, ಆಡೋದು" ಎಂದಿತು ಗಾಳಿ. "ದೂರದ ಚಳಿ ನಾಡಿನ ಮಾತು. ಅಲ್ಲಿ ಹುಣ್ಣಿಗೆ, ನೋವಿಗೆ ಒಂದು ಹೆಸರಿತ್ತು. ಆ ಹೆಸರಿನ ಹೊಟ್ಟೇಲಿ ಹುಟ್ಟಿದ ಮಾತು ಇದು. ನನ್ನೊಳಗೆ ನೋಯ್ತಾ ಇದೆ ಅಂತ ಇದರ ಅರ್ಥ. ಮೊದಮೊದಲು ನಿಜವಾಗಿ ನೊಂದವರು ಮಾತ್ರ ಆಡ್ತಿದ್ರು. ಆಗ ಬಲು ಭಾರ ಇತ್ತು."

"ಈಗ ಹತ್ತಿ ಹಂಗೆ ಹಗುರ ಇದೆಯಲ್ಲಾ?"

"ಆಡೀ ಆಡೀ ಸವೆದುಹೋಗಿದೆ. ಈಗ ಅಲ್ಲಿ ಕೇಳಿಸಲಿಲ್ಲ ಅನ್ನೋಕೂ ಇದೇ, ದಾರಿ ಬಿಡು ಅನ್ನೋಕೂ ಇದೇ, ಕೊಡೋದಿಲ್ಲ ಹೋಗು ಅನ್ನೋಕೂ ಇದೇ."

"ಯಾರನ್ನಾದ್ರೂ ತುಳಿದಾಗ?"

"ಇದನ್ನ ಅಂದ್ರೆ ಆಯ್ತು."

"ಬಗ್ಗೋದು ಬೇಡ್ವಾ?"

"ಈಗೀಗ ಯಾರೂ ಬಗ್ಗಲ್ಲ. ಆದ್ರೆ ಇದರ ಅರ್ಥ..."

"ಅರ್ಥ ನೀನೇ ಇಟ್ಕೊ ಮಾರಾಯ, ಮಾತು ಕೊಡು! ದಿನಾ ಹತ್ತು ಸಲ ಮಂಡಿಯೂರಿ ನನ್ನ ಮಂಡಿ ಬಿದ್ದುಹೋಗಿದೆ" ಎಂದ ಕೋಣಪ್ಪ.

ಒಂದು ವಾರ ಕಳೆಯುವಷ್ಟರಲ್ಲಿ ಕಾಡಿನ ತುಂಬ ಅದೇ ಮಾತು. ಆನೆ ನಿಂತಲ್ಲಿಂದಲೇ ಸಾರಿ ಎಂದಿತು. ಮೊಲ ಓಡುತ್ತಲೇ ಸಾರಿ ಎಂದಿತು. ಹಂದಿ ಗೆಡ್ಡೆ ಕಿತ್ತು ಬಾಯಿಗೆ ಹಾಕಿಕೊಂಡು, ಗೆಡ್ಡೆಗೇ ಸಾರಿ ಎಂದಿತು. ಎಲ್ಲರಿಗೂ ತಾವು ಬಲು ಮರ್ಯಾದಸ್ಥರಾದೆವು ಎಂಬ ಹಿಗ್ಗು. ಬಗ್ಗುವವರು ಮಾತ್ರ ಒಬ್ಬರೂ ಇಲ್ಲ.

ಚಾಚವ್ವ ಬಂದವರನ್ನೆಲ್ಲ ಕೂಗಿ ಕರೆದು, "ನನಗೆ ನೋವಾದ್ರೆ ಆಗಲಿ, ಒಂಚೂರು ಬಗ್ಗಿ ನೋಡ್ರಪ್ಪಾ, ಮುಂದೆ ನನ್ನ ಮಗು ಇದೆ" ಎಂದು ಬೇಡಿಕೊಂಡಳು. ಮೊದಲ ದಿನ ಕೇಳಿದರು. ಎರಡನೆಯ ದಿನ ಗೊಣಗುತ್ತ ಕೇಳಿದರು. ಮೂರನೆಯ ದಿನ, "ಸಾರಿ ಅಂದ ಮೇಲೂ ಏನಿವಳ ರಗಳೆ?" ಎಂದು ಮುಖ ತಿರುಗಿಸಿದರು. ಯಾರದೋ ಕಾಲು ಪುಟ್ಟಿಯ ಪಕ್ಕ ಬಿತ್ತು, ಯಾರದೋ ಗೊರಸು ಕೂದಲೆಳೆಯಲ್ಲಿ ತಪ್ಪಿತು. ಚಾಚವ್ವ ನೀರು ಕುಡಿಯುವುದನ್ನೂ ಮರೆತಳು.

ಒಂದು ಮಧ್ಯಾಹ್ನ ಸುಡುಬಿಸಿಲು. ಕೋಣಪ್ಪ ಬಾಯಾರಿ ದಡದಡನೆ ಬಂದ. ಅವನ ಮುಂಗಾಲು ಚಾಚವ್ವನ ಕೊಂಬೆಯ ಮೇಲೆ ಬಿತ್ತು.

"ಸಾರಿ" ಎಂದ ಕೋಣಪ್ಪ.

"ಬಗ್ಗು ಕೋಣಣ್ಣಾ! ಬಗ್ಗಿ ನೋಡು!"

"ಸಾರಿ ಅಂದೆನಲ್ಲವ್ವಾ!" ಎನ್ನುತ್ತ ಅವನು ಇನ್ನೊಂದು ಕಾಲನ್ನು ಮುಂದಿಟ್ಟ.

ಕಾಲ ಕೆಳಗೆ ಏನೋ ಮೆತ್ತಗಾಯಿತು. ಅದಕ್ಕೂ ಸಾರಿ ಎಂದು ಕೋಣಪ್ಪ ಕೆರೆಗೆ ಇಳಿದ.

ಪುಟ್ಟಿಗೆ ಮೂರನೆಯ ಎಲೆ ಬಂದು ಎರಡು ದಿನವಾಗಿತ್ತು.

ಸಂಜೆ ಹೊಟ್ಟೆ ತಣ್ಣಗಾಗಿ, ಹುಲ್ಲು ಮೇಯಲು ತಲೆ ತಗ್ಗಿಸಿಕೊಂಡು ಬರುವಾಗ ಕೋಣಪ್ಪನಿಗೆ ನೆಲ ಕಂಡಿತು. ತನ್ನದೇ ಗೊರಸಿನ ಗುರುತು ಕಂಡಿತು. ಆ ಗುರುತಿನೊಳಗೆ ಮಣ್ಣಿಗೆ ಅಂಟಿಕೊಂಡ ಮೂರು ಎಲೆ ಕಂಡವು.

ಕೋಣಪ್ಪ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಅವನನ್ನು ಬಯ್ದು ಹಗುರವಾಗಲಾದರೂ ಚಾಚವ್ವನಿಗೆ ಆಗುತ್ತಿತ್ತು. ಅವನು ಅಲ್ಲೇ ಕುಸಿದು ಮಂಡಿಯೂರಿದ. ಆ ಮಾತನ್ನು ಆಡಲು ಬಾಯಿ ತೆರೆದ. ದಿನಕ್ಕೆ ನೂರು ಸಲ ಆಡಿದ್ದ ಮಾತು ಈಗ ಗಂಟಲಿನಿಂದ ಮೇಲಕ್ಕೆ ಬರಲಿಲ್ಲ, ಅಷ್ಟು ಭಾರವಾಗಿತ್ತು. ಗಾಳಿ ಹೇಳಹೊರಟಿದ್ದ ಅರ್ಥ ಅವನಿಗೆ ಆಗ ತಿಳಿಯಿತು.

ಕಣ್ಣಿಗೊತ್ತಿಕೊಳ್ಳಲೆಂದು ಅವನು ಮುಖವನ್ನು ಮೆಲ್ಲಗೆ ಚಾಚವ್ವನ ಹತ್ತಿರ ತಂದ. ಎಲೆಗೆ ಕಣ್ಣೀರು ತಾಕಿತು.

ಚಾಚವ್ವ ಒಂದು ಎಲೆ ಮುಚ್ಚಿದಳು. ಆಮೇಲೆ ಪಕ್ಕದ ಎಲೆ, ಅದರ ಪಕ್ಕದ ಎಲೆ. ಕೊನೆಗೆ ಕೊಂಬೆಯನ್ನೇ ಕೆಳಗೆ ಇಳಿಬಿಟ್ಟಳು.

"ಮುಟ್ಟಬೇಡ. ಮಧ್ಯಾಹ್ನ ಬಗ್ಗಿದ್ರೆ ಸಾಕಿತ್ತು" ಎಂದಳು.

ಅವಳು ಮಾತಾಡಿದ್ದು ಅದೇ ಕೊನೆ. ಅಂದಿನಿಂದ ಅವಳ ಮೈಮೇಲೆ ಮುಳ್ಳೆದ್ದವು. ಚಾಚವ್ವ ಎಂಬ ಹೆಸರನ್ನು ಜನ ಮರೆತರು, ಮುಟ್ಟಿದರೆ ಮುನಿ ಎಂದು ಹೊಸ ಹೆಸರಿಟ್ಟರು. ತುಳಿದವರು ಯಾರು, ಮುನಿದದ್ದು ಯಾತಕ್ಕೆ ಎಂದು ಯಾರೂ ಕೇಳಲಿಲ್ಲ, ಮುನಿಸು ಮಾತ್ರ ಅವಳ ಹೆಸರಾಗಿ ಉಳಿಯಿತು.

ಇವತ್ತು ನೀವು ದಾರಿಯ ಬದಿಯಲ್ಲಿ ಕೂತು, ಬಗ್ಗಿ, ಎಷ್ಟೇ ಮೆಲ್ಲಗೆ ಬೆರಳು ತಾಕಿಸಿದರೂ ಆ ಗಿಡ ಎಲೆ ಮುಚ್ಚಿಕೊಳ್ಳುವುದು ಅದಕ್ಕೇ ಮಕ್ಕಳೇ. ನೀವು ಬಗ್ಗಿದ್ದೀರಿ, ನಿಜ, ಆದರೆ ಅವಳ ಪಾಲಿಗೆ ಬಹಳ ತಡವಾಗಿ ಬಂದಿದ್ದೀರಿ.