ಮರೆಮಾಡುವ ಬಟನ್

ವರದಾ ಹೊಳೆಯ ದಂಡೆಯಲ್ಲಿ ಫಕೀರಪ್ಪ ಮಾಸ್ತರರ ಮನೆಯಿತ್ತು. ಪರದೆಯ ಮೇಲೆ ಅಕ್ಷರ, ಬಣ್ಣ, ಜಾಗ ಹೊಂದಿಸುವ ವಿದ್ಯೆಯನ್ನು ಅವರು ಅಲ್ಲಿ ಕಲಿಸುತ್ತಿದ್ದರು. ಕಲಿಯಲು ಬಂದವರು ಕಡಿಮೆ, ಉಳಿದವರು ಇನ್ನೂ ಕಡಿಮೆ. ಉಳಿದವರಲ್ಲಿ ದಾಕ್ಷಾಯಿಣಿ ಒಬ್ಬಳು. ಅವಳ ಕೈ ಚುರುಕು, ಮಾತು ಇನ್ನೂ ಚುರುಕು.

ಒಂದು ದಿನ ಮಾಸ್ತರರು ಅವಳಿಗೊಂದು ಕೆಲಸ ಒಪ್ಪಿಸಿದರು.

ಚಂಪಾನಗರಿ ಎಂಬುದೊಂದು ಊರು. ನೆಲದ ಮೇಲೆ ಇಲ್ಲ, ಇಂಟರ್‌ನೆಟ್ಟಿನಲ್ಲಿ ಮಾತ್ರ. ಎಲ್ಲೆಲ್ಲಿಯೋ ಇರುವ ಜನ ಅಲ್ಲಿಗೆ ಬಂದು ಒಂದೊಂದು ವೇಷ ತೊಟ್ಟು ಬರೆಯುತ್ತಿದ್ದರು. ಒಬ್ಬಳು ರಾಣಿ, ಒಬ್ಬ ಸೇನಾಪತಿ, ಒಬ್ಬ ವೈದ್ಯ, ಒಬ್ಬ ಕಳ್ಳ. ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಮುಂದುವರಿಸಬೇಕು. ಹೀಗೆ ವರ್ಷಗಟ್ಟಲೆ ಆ ಊರಿನ ಕಥೆ ಬೆಳೆದಿತ್ತು. ಆದರೆ ಅದರ ಪುಟಗಳನ್ನು ಮಾಡಿದ್ದು ದೊಡ್ಡ ಕಂಪ್ಯೂಟರಿಗೆ. ಮೊಬೈಲಿನಲ್ಲಿ ತೆರೆದರೆ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತಿದ್ದವು.

"ಅದಕ್ಕೊಂದು ಹೊಸಾ ಥೀಮ್, ಅಂದರ ಪುಟಗಳಿಗೆ ಹೊಸಾ ರೂಪ, ಮಾಡಬೇಕು," ಎಂದರು ಮಾಸ್ತರರು. "ಮೊಬೈಲಿಗೆ ಒಗ್ಗಬೇಕು. ಅವರವರಿಗೆ ಬೇಕಾದಂಗ ಬದಲಿಸಿಕೊಳ್ಳಾಕ ಬರಬೇಕು."

"ಎಲ್ಲಿಂದ ಶುರು ಮಾಡ್ಲಿ, ಸರ?"

"ಮೊದಲ ನೀನೂ ಒಂದು ವೇಷಾ ತೊಟ್ಟು ಅಲ್ಲಿ ಒಂದಿಷ್ಟು ದಿನಾ ಇದ್ದು ಬಾ."

ದಾಕ್ಷಾಯಿಣಿ ಹೋಗಲಿಲ್ಲ. ಆಟ ಆಡುತ್ತ ಕೂರುವುದೂ ಒಂದು ಕೆಲಸವೇ? ಅನಿಸಿತು ಅವಳಿಗೆ. ಬದಲಿಗೆ ಊರಿನವರಿಗೆಲ್ಲ ಒಂದೇ ಪ್ರಶ್ನೆ ಕಳಿಸಿದಳು: ನಿಮಗೇನು ಬೇಕು?

ರಾಣಿಗೆ ಕಪ್ಪು ಹಿನ್ನೆಲೆ ಬೇಕಿತ್ತು. ಸೇನಾಪತಿಗೆ ದಪ್ಪ ಅಕ್ಷರ. ಕಳ್ಳನಿಗೆ ಬಸ್ಸಿನಲ್ಲಿ ನಿಂತುಕೊಂಡೇ ಒಂದು ಹೆಬ್ಬೆರಳಿನಿಂದ ಬರೆಯಲು ಬರಬೇಕಿತ್ತು. ಇನ್ನೊಂದನ್ನು ಬಹಳ ಮಂದಿ ಕೇಳಿದ್ದರು: ತಮಗೆ ಬೇಡವಾದವರ ಬರಹ ಕಣ್ಣಿಗೆ ಬೀಳಬಾರದು.

ಅವಳು ಎಲ್ಲವನ್ನೂ ಕೊಟ್ಟಳು.

ಮಾಸ್ತರರು ಥೀಮನ್ನು ತಮ್ಮ ಹಳೆಯ ಮೊಬೈಲಿನಲ್ಲಿ ತೆರೆದು ನೋಡಿದರು. ಬಣ್ಣ ಬದಲಿಸಿದರು. ಅಕ್ಷರ ಹಿಗ್ಗಿಸಿದರು, ಕುಗ್ಗಿಸಿದರು. ತಲೆಯಾಡಿಸಿದರು. ಆಮೇಲೆ ಪ್ರತಿ ಹೆಸರಿನ ಪಕ್ಕದಲ್ಲಿದ್ದ ಮುಚ್ಚಿದ ಕಣ್ಣಿನ ಚಿತ್ರದ ಮೇಲೆ ಅವರ ಬೆರಳು ನಿಂತಿತು.

"ಇದೇನು?"

"ಮರೆಮಾಡೋ ಬಟನ್, ಸರ. ಒತ್ತಿದರ ಅವರು ಬರದದ್ದು ನಮಗ ಕಾಣೂದಿಲ್ಲ. ಜಾಗಾನೂ ಉಳಿಯೂದಿಲ್ಲ, ಮ್ಯಾಲಿಂದು ಕೆಳಗಿಂದು ಕೂಡಿಕೊಂಡು ಬಿಡ್ತಾವ. ಸಣ್ಣ ಪರದೆ ನೋಡ್ರಿ, ಜಾಗಾ ಹಾಳಾಗಬಾರದು."

"ಮರೆ ಮಾಡಿದ್ದು ಆ ಮನಿಷಾಗ ತಿಳೀತದೇನು?"

"ಛೇ, ಇಲ್ರಿ. ತಿಳಿದರ ಮನಸಿಗೆ ಬ್ಯಾಸರ ಆಗ್ತದ."

ಮಾಸ್ತರರು ಎದ್ದು ಒಳಗೆ ಹೋಗಿ ಬಂದರು. ಕುರ್ಚಿಯನ್ನು ಹೊಳೆಯ ಕಡೆ ತಿರುಗಿಸಿ, ಅವಳಿಗೆ ಬೆನ್ನು ಮಾಡಿ ಕೂತರು.

"ಹೇಳು," ಎಂದರು. "ಹೆಂಗ ಮಾಡಿದಿ, ಎಲ್ಲಾ ಹೇಳು."

ಅವಳು ಹೇಳತೊಡಗಿದಳು. ಉತ್ಸಾಹದಿಂದ ಹೇಳಿದಳು. ಎಲ್ಲಿ ಅಡ್ಡಿಯಾಯಿತು, ಹೇಗೆ ದಾಟಿದೆ, ಯಾವುದು ಯಾರಿಗೂ ಹೊಳೆಯದ ಉಪಾಯ, ಒಂದೊಂದನ್ನೂ ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ಗಂಟಲು ಒಣಗಿತು. ಮಾಸ್ತರರ ಬೆನ್ನು ಅಲ್ಲಾಡಲಿಲ್ಲ.

"ಹೆಂಗನಸ್ತು, ಸರ?"

ಮತ್ತೆ ಕೇಳಿದಳು. ಕೊನೆಗೆ ಎದುರಿಗೆ ಹೋಗಿ ನಿಂತಳು.

ಮಾಸ್ತರರು ಎರಡೂ ಕಿವಿಗಳಿಂದ ಹತ್ತಿಯ ಉಂಡೆ ತೆಗೆದರು. "ಏನರ ಅಂದ್ಯಾ?"

ದಾಕ್ಷಾಯಿಣಿ ನಕ್ಕುಬಿಟ್ಟಳು. ಒಳಗೆ ಸ್ವಲ್ಪ ಸಿಟ್ಟೂ ಬಂತು. ಇಷ್ಟು ಹೊತ್ತು ತನ್ನನ್ನು ಮಾತಾಡಿಸಿ ಮಜಾ ತೆಗೆದುಕೊಂಡರಲ್ಲ ಎಂದು. ಮಾಸ್ತರರು ಮುಂದೆ ಏನೂ ಹೇಳಲಿಲ್ಲ. ಬಟನ್ ಹಾಗೇ ಉಳಿಯಿತು.

ಚಂಪಾನಗರಿ ಹೊಸ ಥೀಮಿಗೆ ಮರುಳಾಯಿತು. ಹಾಸಿಗೆಯಲ್ಲಿ ಮಲಗಿ ಬರೆದರು, ಅಡುಗೆಮನೆಯಲ್ಲಿ ನಿಂತು ಬರೆದರು. ಊರನ್ನು ನಡೆಸುತ್ತಿದ್ದವಳು ರಾಣಿಯ ವೇಷದ ಸುಮಿತ್ರಾ ಕುಬಸದ ಎಂಬಾಕೆ. "ನಮ್ಮ ಊರು ಈಗ ಎಷ್ಟು ಸ್ವಚ್ಛ ಕಾಣಸ್ತೈತಿ ಗೊತ್ತೇನವಾ," ಎಂದು ಅವಳು ಫೋನಿನಲ್ಲಿ ಹೊಗಳಿದಳು. ಬೇರೆ ಕಡೆಯವರೂ ತಮಗೊಂದು ಥೀಮ್ ಬೇಕೆಂದು ಕೇಳಿಕೊಂಡು ಬಂದರು.

ಕೆಲವು ತಿಂಗಳ ಮೇಲೆ ಪುಟಗಳು ತೆರೆಯುವುದು ನಿಧಾನವಾಯಿತು. ಕಾರಣ ಹುಡುಕಲು ದಾಕ್ಷಾಯಿಣಿ ತನ್ನ ಪರದೆಯಲ್ಲಿ ಎಲ್ಲ ಮರೆಗಳನ್ನೂ ತೆಗೆದು ಊರನ್ನು ಮೊದಲ ಸಲ ಇಡಿಯಾಗಿ ನೋಡಿದಳು.

ಅಲ್ಲೊಬ್ಬ ಮಾವುತನಿದ್ದ. ಹೆಸರು ಬೊಮ್ಮ. ಅವನ ಆನೆ ಗಿರಿಜೆ.

ಹಳೆಯ ಪುಟಗಳಲ್ಲಿ ಅವನು ಎಲ್ಲ ಕಡೆಯೂ ಇದ್ದ, ಎಲ್ಲ ಕಡೆಯೂ ಅಡ್ಡಲಾಗಿ. ಸೇನಾಪತಿ ಕತ್ತಿ ಎತ್ತಿದ್ದರೆ ಇವನು ನಡುವೆ ಆನೆ ಹೊಡೆದುಕೊಂಡು ಬರುತ್ತಿದ್ದ, ಮೀಯಿಸಲು. ರಾಣಿ ಕಣ್ಣೀರು ಹಾಕುತ್ತಿದ್ದರೆ ಆನೆಗೆ ಕಬ್ಬು ಸಿಗಲಿಲ್ಲವೆಂದು ಪುಟಗಟ್ಟಲೆ ಬರೆಯುತ್ತಿದ್ದ. ಜನ ರೇಗುತ್ತಿದ್ದರು, ಬೈಯುತ್ತಿದ್ದರು. ಆದರೂ ಉತ್ತರ ಕೊಡುತ್ತಿದ್ದರು. ಬೇರೆ ದಾರಿ ಇರಲಿಲ್ಲ. ಅವನನ್ನು ದಾಟದೆ ಕಥೆ ಮುಂದೆ ಹೋಗುತ್ತಿರಲಿಲ್ಲ.

ಹೊಸ ಥೀಮ್ ಬಂದ ಮೇಲೆ ಅವನಿಗೆ ಒಂದೇ ಒಂದು ಉತ್ತರವೂ ಇರಲಿಲ್ಲ.

ಅವಳು ಲೆಕ್ಕ ತೆಗೆದು ನೋಡಿದಳು. ಊರಿಗೆ ಊರೇ ಅವನನ್ನು ಮರೆಮಾಡಿತ್ತು. ಹೊಸದಾಗಿ ಸೇರಿದವರು ಕೂಡ. ಅವನ ಒಂದು ಸಾಲನ್ನೂ ಓದದವರು ಯಾಕೆ ಮರೆಮಾಡಿದರು? ಹುಡುಕಿದಳು. ಕಾರಣ ಸಿಕ್ಕಿತು.

ಬಟನ್ ಬಳಸುವುದು ಹೇಗೆಂದು ತೋರಿಸಲು ಅವಳೇ ಒಂದು ಚಲಿಸುವ ಚಿತ್ರ ಮಾಡಿ ಹಾಕಿದ್ದಳು. ಚಿತ್ರಕ್ಕೆ ಉದ್ದನೆಯ ಬರಹವೊಂದು ಬೇಕಿತ್ತು. ಕೈಗೆ ಸಿಕ್ಕ ಉದ್ದದ ಬರಹ ಬೊಮ್ಮನದು. ಚಿತ್ರದಲ್ಲಿ ಬೆರಳೊಂದು ಅವನ ಹೆಸರಿನ ಪಕ್ಕ ಒತ್ತುತ್ತದೆ, ಅವನು ಮಾಯವಾಗುತ್ತಾನೆ, ಪುಟ ಸ್ವಚ್ಛವಾಗುತ್ತದೆ. ಜನ ಅದನ್ನು ನೋಡಿ ಕಲಿತಿದ್ದರು. ಕಲಿತದ್ದನ್ನು ಹಾಗೇ ಮಾಡಿದ್ದರು.

ಅವಳು ಬೊಮ್ಮ ಬರೆದದ್ದನ್ನು ಓದಿದಳು.

ಗಿರಿಜೆ ಮೇವು ಮುಟ್ಟುತ್ತಿಲ್ಲ, ವೈದ್ಯರೇ, ಒಂದು ಸಲ ಬಂದು ನೋಡಿ ಎಂದಿದ್ದ. ವೈದ್ಯ ಬರಲಿಲ್ಲ. ಗಡಿಯ ಕಡೆ ಹೋಗಿರಬೇಕು, ಯುದ್ಧದ ಕಾಲ, ಎಂದು ತಾನೇ ಬರೆದುಕೊಂಡಿದ್ದ. ರಾಣಿಗೆ ಬಿನ್ನವಿಸಿಕೊಂಡಿದ್ದ. ಅರಮನೆಯಲ್ಲಿ ಏನೋ ದುಃಖವಿರಬೇಕು, ಈಗ ಕೇಳಬಾರದಿತ್ತು ಎಂದು ತಾನೇ ಕ್ಷಮೆ ಕೇಳಿದ್ದ. ಕಳ್ಳನನ್ನು ಕರೆದು, ಕಬ್ಬಾದರೂ ಕದ್ದು ತಾ ಎಂದಿದ್ದ.

ಮುಂದೊಂದು ಕಡೆ ವೇಷ ಬಿಟ್ಟು ಬರೆದಿದ್ದ: "ನಾನು ಬಾಳ ಉದ್ದ ಬರೀತೀನಿ ಅಂತ ನಿಮಗೆಲ್ಲಾ ಸಿಟ್ಟು ಇರಬೇಕು. ಇನ್ನ ಮ್ಯಾಲ ಸಣ್ಣದು ಬರೀತೀನಿ."

ಅಲ್ಲಿಂದ ಬರಹ ಸಣ್ಣದಾಗುತ್ತ ಬಂದಿತ್ತು. ಮೂರು ಸಾಲು. ಒಂದು ಸಾಲು.

ಕೊನೆಯದು: "ಯಾರರ ಅದೀರೇನು?"

ಅದನ್ನು ಬರೆದೂ ಬಹಳ ದಿನವಾಗಿತ್ತು.

ದಾಕ್ಷಾಯಿಣಿ ಮಾಸ್ತರರ ಬಳಿಗೆ ಓಡಿದಳು. ಅವರು ಹೊಳೆಯ ಮೆಟ್ಟಿಲ ಮೇಲೆ ಕೂತು ಅಂಗಿ ಒಗೆಯುತ್ತಿದ್ದರು. ಅವಳು ಎಲ್ಲ ಹೇಳಿದಳು. ಅವರು ಅಂಗಿಯನ್ನು ನೀರಿನಲ್ಲೇ ಹಿಡಿದು ಕೇಳಿದರು.

"ನೀವ್ಯಾಕ ನನ್ನ ತಡೀಲಿಲ್ಲ, ಸರ?"

"ತಡದಿದ್ದೆ. ನೀ ನಕ್ಕಿ."

ಅಂಗಿ ಹಿಂಡುತ್ತ ಅವರೇ ಅಂದರು. "ಹತ್ತಿ ತಗದ ಮ್ಯಾಲ ಬಾಯಿನೂ ತಗೀಬೇಕಿತ್ತು ನಾನು. ತಗೀಲಿಲ್ಲ."

"ಈಗೇನ ಮಾಡ್ಲಿ?"

"ಬಟನ್ ಯಾರದು?"

ಅವಳು ಅಂದೇ ಬಟನ್ ಕಿತ್ತುಹಾಕಿದಳು. ಚಂಪಾನಗರಿಯ ಪ್ರತಿ ಮೊಬೈಲಿನಲ್ಲೂ ಬೊಮ್ಮ ಒಮ್ಮೆಗೇ ಕಾಣಿಸಿಕೊಂಡ, ತಿಂಗಳುಗಟ್ಟಲೆ ಕೂಗಿದ ಕೂಗಿನ ಸಮೇತ.

ಜನ ಓದಿದರು. ಅಯ್ಯೋ ಪಾಪ ಅಂದರು. ವೈದ್ಯನ ವೇಷದವನು ಅತ್ತೇಬಿಟ್ಟೆ ಎಂದು ಬರೆದ. ಆನೆಯನ್ನು ನೋಡಲು ಮಾತ್ರ ಹೋಗಲಿಲ್ಲ. ಕಥೆ ಅಷ್ಟರಲ್ಲಿ ಬೇರೆ ದೇಶಕ್ಕೆ ಹೋಗಿತ್ತು.

ವಾರ ಕಳೆಯುವಷ್ಟರಲ್ಲಿ ಸುಮಿತ್ರಾ ಫೋನ್ ಮಾಡಿದಳು.

"ಆ ಬಟನ್ ತಿರುಗಿ ಹಾಕವಾ. ಎಲ್ಲಾರೂ ಕೇಳಾಕತ್ತಾರ."

"ಅವರು ಯಾರು, ಅಕ್ಕಾರ? ಬೊಮ್ಮ ಅನ್ನಾವ್ರು. ಯಾ ಊರು? ಫೋನ್ ನಂಬರ್ ಏನರ ಐತೇನ್ರಿ?"

"ಯಾರಿಗೆ ಗೊತ್ತವಾ? ವೇಷದ ಹೆಸರು ಬಿಟ್ಟು ಮತ್ತೊಂದು ಕೇಳೂ ಪದ್ಧತಿನ ಇಲ್ಲ ನಮ್ಮಲ್ಲಿ."

"ಬಟನ್ ನಾ ಹಾಕೂದಿಲ್ರಿ."

"ಬಿಡು, ಹಾಕಾವ್ರು ಬ್ಯಾರೆ ಮಂದಿ ಅದಾರ," ಎಂದು ಅವಳು ಫೋನಿಟ್ಟಳು. ಹಾಕುವವರು ಸಿಕ್ಕರು. ಊರು ಮತ್ತೆ ಸ್ವಚ್ಛವಾಯಿತು. ಥೀಮಿನ ಕೆಳಗಿದ್ದ ದಾಕ್ಷಾಯಿಣಿಯ ಹೆಸರನ್ನೂ ತೆಗೆದರು.

ಆಗ ಅವಳು ಆ ಊರಿಗೆ ಸೇರಿಕೊಂಡಳು. ಮೇವು ತರುವವಳ ವೇಷ ತೊಟ್ಟಳು. ಬೊಮ್ಮನ ಕೊನೆಯ ಸಾಲಿನ ಕೆಳಗೆ ಬರೆದಳು: "ನಾನು ಅದೀನಿ ಅಣ್ಣಾ. ಕಬ್ಬು ತಂದೀನಿ."

ಉತ್ತರ ಬರಲಿಲ್ಲ.

ಮರುದಿನ ಬರೆದಳು. ಆಮೇಲೂ ಬರೆದಳು. ಆನೆಯ ಮೈ ತೊಳೆದೆ, ಕೈಯಾರೆ ಮೇವು ತಿನಿಸಿದೆ, ನೀನು ಬರುವ ತನಕ ನಾನು ನೋಡಿಕೊಳ್ಳುತ್ತೇನೆ ಎಂದು ಬರೆದಳು. ಒಂದು ದಿನ ವೇಷ ಬಿಟ್ಟು, ತಪ್ಪು ನನ್ನದು ಎಂದೂ ಬರೆದಳು. ಆ ಚಿತ್ರದ ವಿಷಯವನ್ನೂ ಮುಚ್ಚಿಡಲಿಲ್ಲ. ನಡುನಡುವೆ ಬಂದು ಕಥೆ ಕೆಡಿಸುತ್ತಾಳೆಂದು ಊರಿನವರು ಬೈದರು. ಆಮೇಲೆ ಬೈಯುವುದನ್ನೂ ಬಿಟ್ಟರು.

ಹೊಳೆ ಇಳಿದು ಕಲ್ಲುಗಳು ಕಾಣುವ ಕಾಲ ಬಂತು. ಅವಳು ಮಾಸ್ತರರ ಎದುರು ಕೂತಳು. ಮೊಬೈಲನ್ನು ಇಬ್ಬರ ನಡುವೆ ಇಟ್ಟಳು.

"ಅವರು ತಿರುಗಿ ಬರ್ತಾರೇನ್ರಿ, ಸರ?"

"ನನಗೇನು ಗೊತ್ತು?"

"ಬದುಕ್ಯಾರೇನ್ರಿ?"

ಮಾಸ್ತರರು ಹೊಳೆ ನೋಡಿದರು.

"ಬರದೂ ಬರದೂ ಸಾಕಾಗೇತ್ರಿ," ಎಂದಳು ದಾಕ್ಷಾಯಿಣಿ. "ಆ ಕಡೆ ಒಬ್ಬರರ ಓದಾಕತ್ಯಾರೋ ಇಲ್ಲೋ, ಅದರ ತಿಳೀಬೇಕಲ್ರಿ? ತಿಳೀಲಾರದ ಹೆಂಗ ಬರೀಲಿ?"

ಮಾಸ್ತರರು ಮೊಬೈಲನ್ನು ಎತ್ತಿ ಅವಳ ಕೈಯಲ್ಲಿಟ್ಟರು.

"ಅವಗೂ ತಿಳಿದಿರಲಿಲ್ಲ. ಬರಿ."