ಕುಂತಮ್ಮನ ಕಟ್ಟೆ

ಕರೇಗಲ್ಲು ಊರಿನ ಅಗಸೆಬಾಗಿಲು ದಾಟಿ ಒಳಗೆ ಬಂದರೆ ಎಡಗಡೆಗೆ ಒಂದು ದೊಡ್ಡ ಕಲ್ಲುಕಟ್ಟೆ ಕಾಣುತ್ತದೆ. ನಡುವೆ ಹಳೆಯ ಹುಣಸೆಮರ, ಮಗ್ಗುಲಲ್ಲಿ ವೀರಗಲ್ಲುಗಳ ಸಾಲು. ಇದಕ್ಕೆ ಕುಂತಮ್ಮನ ಕಟ್ಟೆ ಎಂದು ಹೆಸರು. ಕೋಟೆ ನೋಡಲು ಈ ಸೀಮೆಗೆ ಬಂದವರು ಹೆಸರು ಕೇಳಿದ ಕೂಡಲೇ, ಪಾಂಡವರ ತಾಯಿ ಕುಂತಿ ಮಕ್ಕಳೊಡನೆ ಅಲೆಯುತ್ತ ಇಲ್ಲಿ ತಂಗಿದ್ದಳೇನೋ ಎಂದುಕೊಳ್ಳುತ್ತಾರೆ. ಊರಿನ ಹಿರಿಯ ಹೆಂಗಸರು ಅದಕ್ಕೆ ನಗುತ್ತಾರೆ. ಈಕೆ ನಮ್ಮೂರ ಸೊಸೆ, ಇಲ್ಲಿ ಕುಂತಳು, ಅದಕ್ಕೇ ಕುಂತಮ್ಮ ಎನ್ನುತ್ತಾರೆ. ನನಗೆ ಈ ಸಂಗತಿಯನ್ನು ಹೇಳಿದವರು ನನ್ನ ಸೋದರತ್ತೆ. ಅವರಿಗೆ ಅವರ ಅಜ್ಜಿ ಹೇಳಿದ್ದರಂತೆ.

ಹಿಂದೆ ಒಮ್ಮೆ, ಈ ಸೀಮೆಯನ್ನು ಪಾಳೆಯಗಾರರು ಆಳುತ್ತಿದ್ದ ಕಾಲದಲ್ಲಿ, ಗಡಿಯಲ್ಲಿ ದೊಡ್ಡ ಕಾಳಗವಾಯಿತು. ಕರೇಗಲ್ಲಿನ ಗಂಡಸರು ಹಿಂಡುಹಿಂಡಾಗಿ ಹೋದರು, ಬೆರಳೆಣಿಕೆಯ ಮಂದಿ ಮರಳಿದರು. ಕಾಳಗದಲ್ಲಿ ಮಡಿದವನ ಮನೆಗೆ ಕಂದಾಯವಿಲ್ಲದ ಹೊಲ ಕೊಡುವ ಪದ್ಧತಿ ಆಗ ಇತ್ತು. ಚೆಲ್ಲಿದ ನೆತ್ತರಿಗೆ ಕೊಟ್ಟ ಭೂಮಿಯಾದ್ದರಿಂದ ಅದನ್ನು ನೆತ್ತರುಗೊಡಗೆ ಎಂದು ಕರೆಯುತ್ತಿದ್ದರು. ಪಾಳೆಯಗಾರ ಹೊಲಗಳನ್ನೇನೋ ಕೊಟ್ಟ. ಅವನ್ನು ಯಾರ ಕೈಗೆ ಒಪ್ಪಿಸಬೇಕೆಂದು ತೀರ್ಮಾನಿಸುವ ಅಧಿಕಾರ ಮಾತ್ರ ಊರಿನ ಕಟ್ಟೆಯದು. ಅಲ್ಲಿ ಕೂರುತ್ತಿದ್ದವರು ಗೌಡ ಸಿದ್ಧಭೈರಪ್ಪ ಮತ್ತು ಊರಿನ ಹಿರಿಯ ಗಂಡಸರು. ಗಂಡುಮಕ್ಕಳಿಲ್ಲದ ವಿಧವೆಯ ಹೊಲ ಗಂಡನ ಅಣ್ಣತಮ್ಮಂದಿರಿಗೆ ಸೇರತಕ್ಕದ್ದು, ಅವರು ಆಕೆಗೆ ಅನ್ನಬಟ್ಟೆ ಕೊಡತಕ್ಕದ್ದು ಎಂದು ಅವರು ತೀರ್ಪಿತ್ತರು.

ಆ ಕಾಳಗದಲ್ಲಿ ಮಡಿದವರಲ್ಲಿ ಪಾಲಯ್ಯ ಎಂಬ ಈಟಿಗಾರನೂ ಒಬ್ಬ. ಅವನ ಹೆಂಡತಿಯೇ ಗಾದ್ರವ್ವ. ಒಬ್ಬಳು ಮಗಳನ್ನು ಬಿಟ್ಟರೆ ಅವಳಿಗೆ ತನ್ನವರೆನ್ನುವವರು ಇರಲಿಲ್ಲ. ಅವಳ ಗಂಡನ ಹೆಸರಿಗೆ ಬಂದ ಹೊಲವನ್ನು ಮೈದುನ ಬೊಮ್ಮಯ್ಯ ಉಳತೊಡಗಿದ. ಅನ್ನ ಎಂದು ಅವನ ಮನೆಯಿಂದ ಬರುತ್ತಿದ್ದುದು ದಿನ ಬಿಟ್ಟು ದಿನ ಒಂದಿಷ್ಟು ತಂಗಳು ಮುದ್ದೆ. ಗಾದ್ರವ್ವ ನ್ಯಾಯ ಕೇಳಲು ಕಟ್ಟೆಯ ಬಳಿಗೆ ಹೋದಳು. ಹೆಂಗಸರು ಕಟ್ಟೆ ಹತ್ತುವಂತಿರಲಿಲ್ಲ. ಮರದ ನೆರಳಿನಾಚೆ ನಿಂತು, ತಮ್ಮ ಮನೆಯ ಗಂಡಸಿನ ಬಾಯಿಂದ ಹೇಳಿಸಬೇಕಿತ್ತು. ನಿನ್ನ ಪರವಾಗಿ ಯಾರು ಮಾತಾಡುತ್ತಾರೆ ಎಂದು ಗೌಡ ಕೇಳಿದ.

"ನನ್ನ ಪರವಾಗಿ ಮಾತಾಡಬೇಕಾದವನೇ ನನ್ನ ಹೊಲ ಉಳ್ತಾ ಇದಾನೆ ಗೌಡ್ರೆ. ಅವನ ಬಾಯಿಂದ ನನ್ನ ಮಾತು ಹೆಂಗೆ ಬಂದೀತು?" ಎಂದಳು ಗಾದ್ರವ್ವ.

ಕೆಲವರು ನಕ್ಕರು. ಗೌಡ ಕೆಟ್ಟವನಲ್ಲ, ಆದರೆ ಅಪ್ಪ ಅಜ್ಜ ನಡೆಸಿಕೊಂಡು ಬಂದದ್ದನ್ನು ಮೀರುವ ಧೈರ್ಯ ಅವನಿಗಿರಲಿಲ್ಲ. ಪದ್ಧತಿ ಹೀಗಿದೆಯಮ್ಮ, ಹೋಗು ಎಂದು ಕಳಿಸಿಬಿಟ್ಟ. ಆ ದಿನ ಅವಳಿಗೆ ಹಸಿವಿಗಿಂತ ಆ ನಗುವೇ ಹೆಚ್ಚು ಸುಟ್ಟಿತು ಎನ್ನುತ್ತಾರೆ.

ಅವಳು ಕೂಗಾಡಲಿಲ್ಲ, ಮೈದುನನ ಮನೆಮುಂದೆ ಮಣ್ಣು ತೂರಿ ಶಾಪ ಹಾಕಲೂ ಇಲ್ಲ. ಸುಗ್ಗಿ ಮುಗಿಯುವವರೆಗೆ ಮನೆಮನೆ ತಿರುಗಿದಳು. ಬೀಸುವ ಕಲ್ಲಿನ ಮುಂದೆ ಕೂತು ಹೆಂಗಸರೊಡನೆ ರಾಗಿ ಬೀಸುತ್ತ ಮಾತಾಡಿದಳು, ಕುಂಬಾರಗೇರಿಯಲ್ಲಿ ಮಣ್ಣು ತುಳಿಯುತ್ತ ಮಾತಾಡಿದಳು. ಕುರುಬರ ಹಟ್ಟಿಯಲ್ಲಿ ಉಣ್ಣೆ ಬಿಡಿಸುವವರ ನಡುವೆಯೂ ಅವಳದು ಅದೇ ಮಾತು. ಹೊಲ ಕಳೆದುಕೊಂಡ ವಿಧವೆಯರು ಮೊದಲು ಬಾಯಿ ಬಿಟ್ಟರು. ಗಂಡ ಬದುಕಿದ್ದವರು ಸುಮ್ಮನೆ ಕೇಳಿಸಿಕೊಂಡರು, ಆಮೇಲೆ ಅವರೂ ಬಂದು ಕೂತರು. ಕಟ್ಟೆಯ ಹಿರಿಯರನ್ನೂ ಅವಳು ಬಿಡಲಿಲ್ಲ, ಒಬ್ಬೊಬ್ಬರನ್ನೇ ಅವರ ಕೆಲಸದ ಜಾಗದಲ್ಲಿ ಹೋಗಿ ಕಂಡಳು. ಕುಲುಮೆಯ ಮುಂದೆ ನಿಂತು ಕಮ್ಮಾರ ಕಾಳಾಚಾರಿಗೆ, "ನಾಳೆ ನಿನಗೇನಾದರೂ ಆದರೆ ನಿನ್ನ ಹೆಂಡತಿ ಪರವಾಗಿ ಕಟ್ಟೆ ಮೇಲೆ ಯಾರು ಮಾತಾಡ್ತಾರೆ ಅಣ್ಣ?" ಎಂದು ಕೇಳಿದಳಂತೆ. ಅವನು ತಿದಿ ಒತ್ತುವುದನ್ನು ನಿಲ್ಲಿಸಿದ. ಉಳಿದವರಲ್ಲಿಯೂ ಕೆಲವರು ಬೈದರು, ಕೆಲವರು ಯೋಚನೆಗೆ ಬಿದ್ದರು. ಗೌಡನ ಮುದಿ ತಾಯಿ ಸಾಕವ್ವ ಮಾತ್ರ ಎಲ್ಲವನ್ನೂ ಕೇಳಿ, ಅವಳ ಮಡಿಲಿಗೆ ಒಂದು ಮೊರ ಜೋಳ ಸುರಿದು ಒಳಗೆ ಹೋದಳು.

ಯುಗಾದಿ ಕಳೆದ ಮೇಲೆ ಕಟ್ಟೆ ಮೊದಲ ಸಲ ಸೇರಿದ ದಿನ ಗಾದ್ರವ್ವ ನೆರಳು ದಾಟಿ ಮುಂದೆ ಬಂದಳು. ಮೆಟ್ಟಿಲು ಹತ್ತಿ, ಮೂಡಗಡೆಯ ಅಂಚಿನ ಕಲ್ಲಿನ ಮೇಲೆ ಸೆರಗು ಸರಿಮಾಡಿಕೊಂಡು ಕುಂತಳು. ಗೌಡ ಏಳು ಎಂದ.

"ಕುಂತಿದೀನಿ ಗೌಡ್ರೆ. ನನ್ನ ಮಾತು ಕೇಳಿದ ಮೇಲೆ ಏಳ್ತೀನಿ."

ಅವಳ ಮೈಮುಟ್ಟಿ ಎಳೆಯುವಂತಿರಲಿಲ್ಲ. ಪಾಲಯ್ಯನ ವೀರಗಲ್ಲು ಅಲ್ಲೇ ಪಕ್ಕದಲ್ಲಿತ್ತು, ಅದರ ಮೇಲಿನ ಅರಿಸಿನ ಇನ್ನೂ ಹಸಿಯಾಗಿತ್ತು. ಕಡೆಗೆ ಗಂಡಸರೇ ಎದ್ದು ಹೋದರು. ಮರುದಿನ ಬಂದು ನೋಡಿದರೆ ಅವಳು ಅಲ್ಲೇ ಇದ್ದಳು, ಅವಳ ಸುತ್ತ ಊರಿನ ಹೆಂಗಸರು ರಾಟೆ, ಮೊರ, ಕೈಗೂಸುಗಳೊಡನೆ ಕುಂತಿದ್ದರು. ಹೀಗೆ ಕಟ್ಟೆ ಸೇರುವುದು ನಿಂತುಹೋಯಿತು. ಬದುವಿನ ಜಗಳ ತೀರಲಿಲ್ಲ, ಮದುವೆಯ ಮಾತುಗಳು ಅರ್ಧಕ್ಕೆ ಉಳಿದವು, ಕೆರೆಯ ನೀರನ್ನು ಯಾವ ಗದ್ದೆಗೆ ಮೊದಲು ಬಿಡಬೇಕೆಂದು ಹೇಳುವವರಿಲ್ಲವಾದರು. ಸುದ್ದಿ ಪಾಳೆಯಗಾರನಿಗೆ ಮುಟ್ಟಿ, ಅವನು ತಾನೇ ಕುದುರೆ ಏರಿ ಬಂದ.

ಎಲ್ಲವನ್ನೂ ಕೇಳಿದ ಮೇಲೆ ಅವನಿಗೆ ಇದು ಸಣ್ಣ ವಿಷಯವೆಂದು ತೋರಿತು. ನಿನ್ನ ಗಂಡ ನನಗಾಗಿ ಸತ್ತವನು, ಹೊಲ ನಿನಗೇ ಕೊಟ್ಟಿದ್ದೇನೆ, ಇನ್ನು ಇಳಿ ಎಂದ. ಗುಂಪಿನಲ್ಲಿ ಯಾರೋ ನಿಟ್ಟುಸಿರು ಬಿಟ್ಟರು. ಗಾದ್ರವ್ವ ಕೈಮುಗಿದಳು, ಆದರೆ ಏಳಲಿಲ್ಲ.

"ದೊರೆ, ಇವತ್ತು ನೀವು ಬಂದ್ರಿ, ಕೊಟ್ರಿ. ನಾಳೆ ನನ್ನ ಮಗಳ ಹೊಲ ಯಾರಾದರೂ ಕಿತ್ಕೊಂಡರೆ ಅವಳು ಮತ್ತೆ ಆ ಬಿಸಿಲಲ್ಲಿ ನಿಂತು ಯಾರ ಬಾಯಿಂದ ಕೇಳಬೇಕು? ಹೊಲದ ಮಾತು ಆಮೇಲೆ ಆಗಲಿ. ಮೊದಲು ನಮಗೆ ಕುಂತು ಮಾತಾಡೋ ಜಾಗ ಕೊಡಿ."

ಕೈಗೆ ಬಂದ ಹೊಲವನ್ನು ಅವಳು ಹೀಗೆ ಪಕ್ಕಕ್ಕಿಟ್ಟಾಗ ಬೊಮ್ಮಯ್ಯನೂ ತಲೆ ತಗ್ಗಿಸಿದನಂತೆ. ಪಾಳೆಯಗಾರ ಹಿರಿಯರ ಕಡೆ ತಿರುಗಿ, ನೀವೇನು ಹೇಳುತ್ತೀರಿ ಎಂದು ಕೇಳಿದ. ಕಾಳಾಚಾರಿ ಎದ್ದು, ಅವಳು ಕುಲುಮೆಗೆ ಬಂದು ಕೇಳಿದ ಮಾತಿಗೆ ಇವತ್ತಿನವರೆಗೂ ನನಗೆ ಉತ್ತರ ಸಿಕ್ಕಿಲ್ಲ, ನಾನು ಅವಳ ಕಡೆ ಎಂದ. ಹಟ್ಟಿಯ ಹಿರಿಯನೂ ಹೌದೆಂದ. ಅಷ್ಟರಲ್ಲಿ ಸಾಕವ್ವ ಕೋಲೂರಿಕೊಂಡು ಬಂದಳು. ಮಗನ ಮುಂದೆಯೇ ಮೆಟ್ಟಿಲು ಹತ್ತಿ ಗಾದ್ರವ್ವನ ಮಗ್ಗುಲಲ್ಲಿ ಕುಂತು, "ನನ್ನನ್ನೂ ಏಳು ಅಂತೀಯೇನಪ್ಪ ಸಿದ್ಧಾ?" ಎಂದಳು. ಗೌಡ ತನ್ನ ಹೆಗಲ ಮೇಲಿನ ಕಂಬಳಿಯನ್ನು ತೆಗೆದು, ತಾಯಿಗೂ ಗಾದ್ರವ್ವನಿಗೂ ಸಾಲುವಂತೆ ಹಾಸಿದ.

ಊರಿನ ಹೆಂಗಸರು ಆರಿಸಿದ ಇಬ್ಬರು ಹೆಂಗಸರು ಎಂದೆಂದಿಗೂ ಕಟ್ಟೆಯ ಮೇಲೆ ಕೂರತಕ್ಕದ್ದು, ಅವರ ಒಪ್ಪಿಗೆಯಿಲ್ಲದೆ ನೆತ್ತರುಗೊಡಗೆ ಕೈ ಬದಲಾಗಕೂಡದು ಎಂದು ಪಾಳೆಯಗಾರ ಅಪ್ಪಣೆ ಮಾಡಿದ. ಆ ಇಬ್ಬರಲ್ಲಿ ಮೊದಲು ಆರಿಸಿ ಬಂದವಳು ಗಾದ್ರವ್ವ. ಅವಳು ಕುಂತು ತೀರಿಸಿದ ಮೊದಲ ನ್ಯಾಯ ಒಬ್ಬ ಕುಂಬಾರ ವಿಧವೆಯ ಹೊಲದ್ದು; ತನ್ನದನ್ನು ಕೊನೆಗೆ ಎತ್ತಿಕೊಂಡಳು. ಬರುಬರುತ್ತ ಜನ ಅವಳ ಹುಟ್ಟುಹೆಸರನ್ನು ಬಿಟ್ಟು ಕುಂತಮ್ಮ ಎಂದೇ ಕರೆದರು. ಅವಳು ಹೋದ ಮೇಲೆ ಆ ಹೆಸರು ಕಟ್ಟೆಗೆ ಉಳಿಯಿತು.

ಈಗಲೂ ಕಟ್ಟೆಯ ಮೂಡಗಡೆಯ ಅಂಚಿನಲ್ಲಿ, ಕೂತು ಕೂತು ನುಣುಪಾಗಿ ತಗ್ಗಿದ ಎರಡು ಕಲ್ಲುಗಳನ್ನು ನೋಡಬಹುದು. ಅವುಗಳ ಮೇಲೆ ಗಂಡಸರು ಕೂರುವುದಿಲ್ಲ. ಪಂಚಾಯಿತಿ ಚುನಾವಣೆಯಲ್ಲಿ ಗೆದ್ದ ಹೆಣ್ಣುಮಕ್ಕಳು ಕಚೇರಿಗೆ ಕಾಲಿಡುವ ಮೊದಲು ಇಲ್ಲಿಗೆ ಬಂದು ಕುಂತು ಹೋಗುತ್ತಾರೆ. ಕಳೆದ ಸಲ ಹಟ್ಟಿಯ ಕಡೆಯಿಂದ ಗೆದ್ದ ಕರಿಯಮ್ಮ ಬಂದಾಗ ನಾನೂ ಅಲ್ಲಿದ್ದೆ. ಜೊತೆಗೆ ಬಂದಿದ್ದ ಅವಳ ಗಂಡ ಕಟ್ಟೆ ಹತ್ತಿ ಹಾರ ಹಾಕಿಸಿಕೊಂಡು, ಊರಿಗೆ ಏನೇನು ಮಾಡಿಸುತ್ತೇನೆಂದು ತಾನೇ ಹೇಳತೊಡಗಿದ. ಹೂವಿನ ಬುಟ್ಟಿ ಇಟ್ಟುಕೊಂಡು ಕುಂತಿದ್ದ ಮುದುಕಿಯೊಬ್ಬಳು, "ನೀನು ಕೆಳಗಿಳಿಯಪ್ಪ, ಗೆದ್ದವಳು ಮಾತಾಡಲಿ" ಎಂದಳು. ಅವನು ಹಾರ ತೆಗೆದು ಕೈಯಲ್ಲಿ ಹಿಡಿದುಕೊಂಡು ಇಳಿದ. ಕರಿಯಮ್ಮ ಕಲ್ಲಿನ ಮೇಲೆ ಕುಂತು, ಹಟ್ಟಿಯ ನಲ್ಲಿಯಲ್ಲಿ ನೀರು ಬಾರದ ವಿಷಯದಿಂದ ಮಾತು ಶುರುಮಾಡಿದಳು.