ಬೀಜಕ್ಕೆ ಬಿಟ್ಟ ಕಾಯಿ

"ಗುರುಗಳೇ, ನಾನು ಕಲಿಸುವ ಮಕ್ಕಳಿಗೆ ಪಾಠ ತಲೆಗೆ ಹತ್ತುತ್ತಿಲ್ಲ. ನಮ್ಮ ಕಾಲದವರಂಥ ಮಕ್ಕಳು ಈಗ ಹುಟ್ಟುವುದೇ ಇಲ್ಲವೇ?" ಎಂದು ಶಿಷ್ಯ ಕೇಳಿದ. ಮಠದ ಮಕ್ಕಳಿಗೆ ಪಾಠ ಹೇಳುವ ಹೊಣೆ ಅವನದು. ಬಂದ ಭಕ್ತರಿಗೆ ಪ್ರವಚನ ಹೇಳುವುದರಲ್ಲೂ ಅವನಿಗೆ ಒಳ್ಳೆಯ ಹೆಸರಿತ್ತು.

ಗುರುಗಳು ಹೇಳಿದರು:

ಒಬ್ಬ ರೈತನಿದ್ದ. ಅವನ ಹಿತ್ತಲಿನ ಬದನೆಕಾಯಿಗೆ ಸುತ್ತಲ ಊರುಗಳಲ್ಲಿ ಹೆಸರು. ಮುಳ್ಳಿಲ್ಲ, ಕಹಿಯಿಲ್ಲ, ಬೆಂದರೆ ಬೆಣ್ಣೆ. ಅದೆಲ್ಲ ತನ್ನ ಕೈಗುಣ ಎಂದು ಅವನು ನಂಬಿದ್ದ. ಬದನೆ ಹುಟ್ಟಿದಾಗಲೇ ಹೀಗಿತ್ತೇ? ಬೇಲಿಯಲ್ಲಿ ಬೆಳೆಯುವ ಕಾಡುಬದನೆಯನ್ನು ನೋಡು. ನೆಲ್ಲಿಕಾಯಿಯಷ್ಟು ಗಾತ್ರ, ಗಿಡದ ತುಂಬ ಮುಳ್ಳು, ಬಾಯಿಗಿಟ್ಟರೆ ಉಗುಳಬೇಕು. ಅಂಥದ್ದರಲ್ಲೇ ಸ್ವಲ್ಪ ದಪ್ಪಗಿದ್ದದ್ದನ್ನು, ಸ್ವಲ್ಪ ಕಹಿ ಕಡಿಮೆಯಿದ್ದದ್ದನ್ನು ಯಾರೋ ಒಬ್ಬಳು ತಿನ್ನದೆ ಬೀಜಕ್ಕೆ ಬಿಟ್ಟಳು. ಅವಳ ಮಗಳೂ ಬಿಟ್ಟಳು, ಮೊಮ್ಮಗಳೂ ಬಿಟ್ಟಳು. ಎಷ್ಟೋ ತಲೆಮಾರಿನ ಹೆಂಗಸರು ಬಾಯಿ ಕಟ್ಟಿದ್ದರಿಂದ ಅದು ನಾವು ತಿನ್ನುವ ತರಕಾರಿಯಾಯಿತು.

ರೈತನ ತಾಯಿಯೂ ಹಾಗೆಯೇ ಮಾಡುತ್ತಿದ್ದಳು. ಎಲ್ಲಕ್ಕಿಂತ ಚೆನ್ನಾದ ಕಾಯಿಗಳನ್ನು ಆರಿಸಿ ಹಳೆ ಸೀರೆಯ ಚಿಂದಿ ಕಟ್ಟುವಳು. ಚಿಂದಿ ಕಟ್ಟಿದ ಕಾಯಿಯನ್ನು ಯಾರೂ ಮುಟ್ಟುವಂತಿರಲಿಲ್ಲ. ಅದು ಹಳದಿಯಾಗಿ ಹಣ್ಣಾದ ಮೇಲೆ ಬೀಜ ತೆಗೆದು, ಬೂದಿ ಹಚ್ಚಿ ಒಣಗಿಸುವಳು.

ತಾಯಿ ತೀರಿಕೊಂಡಳು. ಮರುವರ್ಷ ಪೇಟೆಯ ವರ್ತಕನೊಬ್ಬ ಹಿತ್ತಲಿಗೆ ಬಂದು ಕಾಯಿಗಳನ್ನು ಹೊಗಳಿದ. ರೈತ ಉಬ್ಬಿಹೋದ. ಅತ್ತೆಯಂತೆಯೇ ಹೆಂಡತಿ ಕಟ್ಟಿದ್ದ ಚಿಂದಿ ಬಿಚ್ಚಿ ಆ ಕಾಯಿಗಳನ್ನೇ ಕಿತ್ತು ಕೊಟ್ಟ. ಹೆಂಡತಿ ಬೇಡವೆಂದಳು. ಬೀಜ ಯಾವ ಕಾಯಿಯಲ್ಲಾದರೂ ಇರುತ್ತದೆ ಎಂದು ಅವಳ ಬಾಯಿ ಮುಚ್ಚಿಸಿದ. ಅಂದಿನಿಂದ ಒಳ್ಳೆಯದೆಲ್ಲ ಹೊಗಳಿದವರ ಪಾಲಾಯಿತು. ಯಾರಿಗೂ ಬೇಡವಾದ ಡೊಂಕು ಕಾಯಿ ಬೀಜಕ್ಕೆ ಉಳಿಯಿತು.

ವರ್ಷದಿಂದ ವರ್ಷಕ್ಕೆ ಕಾಯಿ ಸಣ್ಣದಾಯಿತು. ತೊಟ್ಟಿನಲ್ಲಿ ಮುಳ್ಳು ಬಂತು, ತಿರುಳಿನಲ್ಲಿ ಕಹಿ ಬಂತು. ರೈತ ಮಣ್ಣನ್ನು ಬೈದ, ಗೊಬ್ಬರವನ್ನು ಬೈದ. ಕೊನೆಗೆ ಬೀಜ ಕೆಡಿಸಿದವಳು ನೀನೇ ಎಂದು ನಾಲ್ಕು ಜನರ ಎದುರು ಹೆಂಡತಿಯನ್ನು ಬೈದ.

ಒಳ್ಳೆಯ ಬೀಜ ಕೇಳಲು ಅವನು ತಂಗಿಯ ಊರಿಗೆ ಹೋದ. ಮದುವೆಯಾದಾಗ ತಾಯಿ ಅವಳ ಸೆರಗಿಗೆ ಅದೇ ಬೀಜ ಕಟ್ಟಿ ಕಳಿಸಿದ್ದಳು. ತಂಗಿ ಊಟಕ್ಕೆ ಕೂರಿಸಿ, ಹುಳುಕು ತೆಗೆದು ಹೆಚ್ಚಿದ ಡೊಂಕು ಬದನೆಯ ಪಲ್ಯ ಬಡಿಸಿದಳು. ಹಿತ್ತಲಲ್ಲಿ ಚಿಂದಿ ಕಟ್ಟಿದ ದಪ್ಪ ಕಾಯಿಗಳು ಅವನ ಕಣ್ಣಿಗೆ ಬಿದ್ದವು. ಅವನಿಗೆ ಸಿಟ್ಟು ಬಂತು.

"ಒಡಹುಟ್ಟಿದ ಅಣ್ಣಗ ಇದನ್ನ ಹಾಕಿ, ಚಲೋವು ಯಾರಿಗಿಟ್ಟೀ ತಂಗಿ?" ಎಂದ.

"ಬೀಜಕ್ಕ ಬಿಟ್ಟೀನಿ ಅಣ್ಣ. ನಮ್ಮ ಮನ್ಯಾಗ ಎಲ್ಲಾರೂ ಡೊಂಕಾದ್ದ ತಿಂತೀವಿ. ಅವ್ವ ನಮಗೂ ಅದನ್ನ ಹಾಕಿ ಬೆಳೆಸಿದ್ಲಲ್ಲ," ಎಂದಳು ತಂಗಿ.

ನಾಚಿಕೆಯಿಂದ ಅವನಿಗೆ ತಲೆ ಎತ್ತಲಾಗಲಿಲ್ಲ. ತಂಗಿ ಕೇಳುವ ಮೊದಲೇ ಬೀಜದ ಗಂಟು ಕೊಟ್ಟಳು. ಅದನ್ನು ಹಿಡಿದು ಊರಿಗೆ ಬಂದವನು ತನ್ನ ಮನೆಯ ಹೊಸ್ತಿಲ ಆಚೆಯೇ ನಿಂತ. ಹೆಂಡತಿಯ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ.

ಕತೆ ಮುಗಿಯಿತು. "ಎಂಥ ದಡ್ಡ!" ಎಂದು ಶಿಷ್ಯ ನಕ್ಕ.

ಗುರುಗಳು ಕೇಳಿದರು: "ಭಕ್ತರೆಲ್ಲ ಹೊಗಳಿ ಹೋದ ಮೇಲೆ, ದಣಿದು ಆಕಳಿಸುತ್ತ ನೀನು ಪಾಠ ಹೇಳುವುದು ಯಾರಿಗೆ?"